ನಗಿಸಲು ಹೊರಟ ಅಳಿಯನಿಗೆ

ಹೊನ್ನಾವರ

ಚಿ. ಅಳಿಯನಿಗೆ ಸೋದರಮಾವನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನೀನು ಬೆಂಗಳೂರಿನಲ್ಲಿ ಒಬ್ಬನೇ ಮೈಕು ಹಿಡಿದು ನಿಂತು ಜನರನ್ನು ನಗಿಸುವ ಕಾರ್ಯಕ್ರಮ ಆರಂಭಿಸಿರುವ ಸಂಗತಿಯನ್ನು ನಿನ್ನ ಅಮ್ಮ ತಿಳಿಸಿದಳು. ಅವಳಿಗೆ ಆತಂಕ, ನನಗೆ ಸಂತೋಷ.

ನಾಟ್ಯಶಾಸ್ತ್ರವು ತುಟಿಯಂಚಿನ ಸ್ಮಿತದಿಂದ ಮೊದಲ್ಗೊಂಡು ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ನಗೆಯ 6 ಬಗೆಗಳನ್ನು ಹೇಳಿ, ಮೊದಲೆರಡನ್ನು ಉತ್ತಮರಿಗೂ ಕೊನೆಯೆರಡನ್ನು ಅಧಮರಿಗೂ ಹಂಚಿದೆ. ಆದರೆ ಬೆಳಗಿನ ಜಾವ ಗದ್ದೆಬಯಲಿನ ಯಕ್ಷಗಾನದ ಆಟದಲ್ಲಿ ತೂಕಡಿಸುವವರನ್ನು ಸ್ಮಿತ ಎಬ್ಬಿಸಲಾರದು; ಅಲ್ಲಿ ಹೊಟ್ಟೆ ಹಿಡಿದುಕೊಂಡು ನಗುವಂತಹುದೇ ಬೇಕು, ಅದನ್ನು ಕೀಳೆನ್ನಲು ನನಗೆ ಮನಸ್ಸಿಲ್ಲ. ನಗೆ ಎಷ್ಟು ಜೋರಾಯಿತು ಎಂಬುದಕ್ಕಿಂತ ಯಾರ ಮೇಲೆ ಬಿತ್ತು ಎಂಬುದನ್ನು ನೋಡಿಕೊಳ್ಳಬೇಕು.

ನಮ್ಮ ಯಕ್ಷಗಾನದ ಹಾಸ್ಯಗಾರರನ್ನೇ ಗಮನಿಸು. ಕಂಸನ ಅಗಸನಾದ ರಜಕ ತನ್ನ ಸೊಕ್ಕಿನಿಂದ ನಗಿಸುತ್ತಾನೆ. ದೂತನಂತಹ ಸಣ್ಣ ವೇಷಗಳು ಮಾತಿನ ವಕ್ರತೆಯಿಂದ ನಗಿಸುತ್ತವೆ. ಬಾಹುಕನ ದಾರಿಯೇ ಬೇರೆ. ಕಾರ್ಕೋಟಕ ಸರ್ಪ ಕಚ್ಚಿ ವಿರೂಪಗೊಂಡ ನಳಮಹಾರಾಜನೇ ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ರಾಜ ಋತುಪರ್ಣನ ಬಳಿ ಚಾಕರಿಗಿದ್ದಾನೆ ಎಂಬುದು ಸಭೆಗೆ ಗೊತ್ತು, ಋತುಪರ್ಣನಿಗೆ ಗೊತ್ತಿಲ್ಲ. ಆ ವಿಕಾರ ಶರೀರದ ಚೇಷ್ಟೆಗೆ ನಾವು ನಗುತ್ತಿರುವಾಗಲೇ ದಮಯಂತಿಗೆ ಮರುಸ್ವಯಂವರವೆಂಬ ಸುದ್ದಿ ಬರುತ್ತದೆ, ಸ್ವಂತ ಹೆಂಡತಿಯ ಸ್ವಯಂವರಕ್ಕೆ ಅವನೇ ರಥ ಹೊಡೆಯಬೇಕಾಗುತ್ತದೆ. ಒಳ್ಳೆಯ ಹಾಸ್ಯಗಾರ ಅಲ್ಲಿ ಮಾತನ್ನು ಅರೆಕ್ಷಣ ತಡೆಯುತ್ತಾನೆ, ನಮ್ಮ ನಗೆ ನಮಗೇ ಚುಚ್ಚುತ್ತದೆ. ಸಾಧಾರಣದವನು ಇನ್ನೊಂದು ಚಪ್ಪಾಳೆಗಾಗಿ ಸೊಂಟ ತಿರುಗಿಸಿ ಕಥೆಯನ್ನು ಕೆಡಿಸುತ್ತಾನೆ.

ಹಾಸ್ಯಗಾರನಿಗೆ ಪದ್ಯ ಹಾಡಿ ಆಟ ನಡೆಸುವ ಭಾಗವತರ ಆಸರೆಯಿದೆ ಎಂಬುದನ್ನೂ ನೆನಪಿಡು. ಅವರು ಏನೂ ತಿಳಿಯದವರಂತೆ ಗಂಭೀರವಾಗಿ ಪ್ರಶ್ನೆ ಕೇಳುವುದರಿಂದಲೇ ಇವನ ಉತ್ತರಕ್ಕೆ ಬೆಲೆ. ಮಾತು ಸೋತರೆ ಪದ್ಯ ಎತ್ತಿ ಆಟವನ್ನು ಮುಂದಕ್ಕೆ ಒಯ್ಯುವವರೂ ಅವರೇ. ನಿನಗೆ ಆ ಆಸರೆ ಇಲ್ಲ. ಆದ್ದರಿಂದ ಪ್ರಶ್ನೆ ಸಭಿಕರ ಮನಸ್ಸಿನಲ್ಲಿ ಹುಟ್ಟುವವರೆಗೆ ಕಾಯಬೇಕು, ಅವರ ನಗೆ ಇಳಿಯುವ ಮೊದಲೇ ಮುಂದಿನ ಮಾತು ಆಡಿ ಎರಡನ್ನೂ ಕಳೆದುಕೊಳ್ಳಬಾರದು. ನೀನಂತೂ ನಗಲೇಬಾರದು. ನಿನ್ನ ಅಮ್ಮ ಕಳಿಸಿದ ವಿಡಿಯೋದಲ್ಲಿ ನಿನ್ನ ಮಾತಿಗೆ ಮೊದಲು ನಕ್ಕವನು ನೀನೇ.

ಅಣಕದ ವಿಷಯ ಇನ್ನೂ ಸೂಕ್ಷ್ಮ. ಅಂಕೋಲೆಯ ಕಡೆ ಸುಗ್ಗಿ ಹಬ್ಬದ ಹಗರಣದಲ್ಲಿ, ಅಂದರೆ ವೇಷ ಹಾಕಿ ಆಡುವ ಅಣಕದಾಟದಲ್ಲಿ, ದೊಡ್ಡ ಮನುಷ್ಯರನ್ನೂ ಅಧಿಕಾರಿಗಳನ್ನೂ ಎದುರಿಗೇ ಅಣಕಿಸುತ್ತಾರೆ. ಹಬ್ಬವೇ ಆ ಸಲುಗೆಯನ್ನು ಕೊಟ್ಟಿದೆ, ಅಣಕಿಸುವವರು ಅದೇ ಮಣ್ಣಿನವರು, ಅಣಕ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ನೀನು ಬೆಂಗಳೂರಿನಲ್ಲಿ ಹಾಲಕ್ಕಿ ಸಮುದಾಯದ ಅಜ್ಜಿಯ ಮಾತಿನ ಧಾಟಿ ಹಿಡಿದು ನಗಿಸಿದರೆ ಈ ಮೂರರಲ್ಲಿ ಯಾವುದೂ ಇರುವುದಿಲ್ಲ. ನಮ್ಮ ಹವ್ಯಕ ಮಾತನ್ನು ಬೇಕಾದರೆ ಬಳಸು. ಆದರೆ ಆ ಮಾತನಾಡುವ ಪಾತ್ರ ಬುದ್ಧಿವಂತನಾಗಿರಲಿ, ಜನ ಅವನು ಹೇಳಿದ್ದಕ್ಕೆ ನಗಲಿ, ಉಚ್ಚಾರಕ್ಕಲ್ಲ.

ದೀಪಾವಳಿ ಕಳೆದು ಮೇಳಗಳ ತಿರುಗಾಟ ಶುರುವಾದ ಮೇಲೆ ನಾಲ್ಕು ದಿನ ರಜೆ ಹಾಕಿ ಬಾ. ‘ನಳ ದಮಯಂತಿ’ ಎಲ್ಲಿದೆ ಎಂದು ವಿಚಾರಿಸಿಡುತ್ತೇನೆ. ಆ ರಾತ್ರಿ ರಂಗಸ್ಥಳಕ್ಕಿಂತ ಹೆಚ್ಚಾಗಿ ನೋಡುವವರ ಮುಖಗಳನ್ನು ನೋಡು.

ಇತಿ,
ನಿನ್ನ ಮಾವ