ಫ್ಲಾಸ್ಕ್ ಹಿಡಿದು ಕೆಳಗಿಳಿದವರು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಬ್ಯಾಗ್ ಕಟ್ಟಿ ಆಯ್ತು ಅಂತ ನಿನ್ನೆ ಫೋನಿನಲ್ಲಿ ಹೇಳಿದೆ. ಚಟ್ನಿಪುಡಿ ಬೇಡವೇ ಬೇಡ, ತೂಕ ಜಾಸ್ತಿ ಆಗುತ್ತೆ ಅಂದೆ. ಆಯ್ತು, ಕಳಿಸುವುದಿಲ್ಲ. ಈ ಕಾಗದ ಮಾತ್ರ ಇಟ್ಟುಕೋ. ರೈಲು ದೆಹಲಿ ಮುಟ್ಟುವಷ್ಟರಲ್ಲಿ ಓದಿದರೆ ಸಾಕು.

ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ 28 ದಿನದ ಬೇಸಿಕ್ ಕೋರ್ಸ್. ಅದಾದ ಮೇಲೆ ಕೆಲಸ ಬಿಟ್ಟು, ಆಫೀಸಿನ ಜನರನ್ನು ಬೆಟ್ಟಕ್ಕೆ ಕರೆದೊಯ್ದು ತಂಡ ನಡೆಸುವುದನ್ನು ಕಲಿಸುತ್ತೇನೆ ಅಂದೆಯಲ್ಲ, ಆ ದಿನ ಅಪ್ಪ ಮಜ್ಜಿಗೆ ಅನ್ನ ಅರ್ಧಕ್ಕೇ ಬಿಟ್ಟು ಎದ್ದರು. ನಾನು ಸುಮ್ಮನಿದ್ದೆ. ಸಿಟ್ಟಿನಿಂದ ಅಲ್ಲ. ಅದು ಎಂಥ ಕೆಲಸ ಅಂತಲೇ ನನಗೆ ಗೊತ್ತಿರಲಿಲ್ಲ. ಆಮೇಲೆ ಲೈಬ್ರರಿಯಿಂದ ತಂದು, ಫೋನಿನಲ್ಲಿ ಹುಡುಕಿ, ಎರಡು ತಿಂಗಳು ಕೂತು ಓದಿದೆ. ಈಗ ಹೇಳುವುದಕ್ಕೆ ನನ್ನ ಹತ್ತಿರ ಒಂದಿಷ್ಟು ಇದೆ.

1984ರ ಮೇ 23ರಂದು ಮಧ್ಯಾಹ್ನ 1 ಗಂಟೆ 7 ನಿಮಿಷಕ್ಕೆ ಬಚೇಂದ್ರಿ ಪಾಲ್ ಎವರೆಸ್ಟ್ ತುದಿ ಮುಟ್ಟಿದರು. ಹಾಗೆ ಮುಟ್ಟಿದ ಭಾರತದ ಮೊದಲ ಹೆಂಗಸು. ಮರುದಿನ ಅವರಿಗೆ ಮೂವತ್ತು ತುಂಬುವುದಿತ್ತು. ಇದೆಲ್ಲ ನಿನಗೆ ಗೊತ್ತು. ನನ್ನ ಮನಸ್ಸಿನಲ್ಲಿ ನಿಂತಿದ್ದು ಅದಕ್ಕೂ ಮೊದಲಿನ ದಿನ.

ಅದಕ್ಕೂ ಒಂದು ವಾರದ ಹಿಂದೆ ನಡುರಾತ್ರಿ ಹಿಮ ಕುಸಿದು ಅವರ ಟೆಂಟ್ ಹೂತು ಹೋಗಿತ್ತು. ಜೊತೆಗಿದ್ದವರು ಚಾಕುವಿನಿಂದ ಟೆಂಟ್ ಕೊಯ್ದು ಅವರನ್ನು ಹೊರಗೆಳೆದರು. ತಂಡದ ಹಲವರು ಗಾಯವಾಗಿ ಕೆಳಗೆ ಇಳಿದು ಹೋದರು. ಇವರು ತಲೆಯ ಹಿಂದೆ ಬಿದ್ದ ಪೆಟ್ಟು ಇಟ್ಟುಕೊಂಡೇ ಉಳಿದರು. ಕೊನೆಗೆ ಸೌತ್ ಕೋಲ್ ಮುಟ್ಟಿದರು. ಅದು ಸುಮಾರು 7,900 ಮೀಟರ್ ಎತ್ತರದ ಜಾಗ. ಬೆಳಗಾದರೆ ತುದಿಗೆ ಹೊರಡಬೇಕು. ಅಂಥ ಹೊತ್ತಲ್ಲಿ ಯಾರೇ ಆದರೂ ಸ್ಲೀಪಿಂಗ್ ಬ್ಯಾಗ್‌ನೊಳಗೆ ಸೇರಿಕೊಂಡು ಇದ್ದ ಶಕ್ತಿ ಉಳಿಸಿಕೊಳ್ಳುತ್ತಾರೆ, ಅಲ್ವಾ? ಈಕೆ ಏನು ಮಾಡಿದರು ಗೊತ್ತಾ? ಹಿಂದೆ ಉಳಿದ ಗೆಳೆಯರು ಇನ್ನೂ ಭಾರ ಹೊತ್ತು ಬರುತ್ತಿದ್ದಾರೆ ಅಂತ, ಒಂದು ಫ್ಲಾಸ್ಕಿಗೆ ಜ್ಯೂಸ್, ಇನ್ನೊಂದಕ್ಕೆ ಬಿಸಿ ಟೀ ತುಂಬಿಕೊಂಡು, ಹತ್ತಿದ ದಾರಿಯಲ್ಲೇ ವಾಪಸ್ ಇಳಿದರು. ದಾರಿಯಲ್ಲಿ ಸಿಕ್ಕಿದ ಒಬ್ಬರು ಟೀ ಕುಡಿದು, ಇನ್ನು ಮುಂದೆ ಹೋಗಬೇಡ ಅಂತ ತಡೆದರು. ಅವರ ಹಿಂದೆ ಇನ್ನೊಬ್ಬರು ಇದ್ದರು. ಅವರಿಗೂ ಕೊಟ್ಟೇ ತಿರುಗಿದ್ದು.

ಇದನ್ನು ಓದಿದಾಗ ನನಗೆ ಕುಮಾರಪರ್ವತ ನೆನಪಾಯಿತು. ನಿನಗೂ ಆಗಿರುತ್ತದೆ.

ಆಗ ನೀನು ಎರಡನೇ ವರ್ಷದ ಡಿಗ್ರಿ. ನನಗೆ ನಲವತ್ತನಾಲ್ಕು. ಕಾಡಿನ ದಾರಿಯಲ್ಲಿ ಉಂಬಳ ಕಿತ್ತು ಕಿತ್ತು ಸಾಕಾಗಿತ್ತು. ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಸಾರು ಅನ್ನ ಉಂಡ ಮೇಲೆ ಮಾತ್ರ ನನಗೆ ಹುಮ್ಮಸ್ಸು ಬಂತು. ಮರುದಿನ ಬೆಳಗ್ಗೆ ಹುಲ್ಲುಗಾವಲಿನ ಏರು. ನೆರಳೇ ಇಲ್ಲ. ಶೇಷಪರ್ವತದ ಹತ್ತಿರ ನನ್ನ ಎಡಮಂಡಿ ಕೈಕೊಟ್ಟಿತು. ನಮ್ಮನ್ನು ಕರೆದೊಯ್ದ ಹುಡುಗ ಎಲ್ಲರಿಗಿಂತ ಮುಂದೆ ಇದ್ದ, ಬಲು ಚುರುಕು. ಒಮ್ಮೆಯೂ ಹಿಂದೆ ತಿರುಗಿ ತಲೆ ಎಣಿಸಲಿಲ್ಲ. ಸಾಲು ಉದ್ದವಾಗುತ್ತಾ ಹೋಯಿತು. ಆಮೇಲೆ ಯಾರೂ ಕಾಣಲಿಲ್ಲ. ನಾನು ಒಂದು ಕಲ್ಲಿನ ಮೇಲೆ ಕೂತೆ. ಬಾಟಲಿಯಲ್ಲಿ ನೀರಿರಲಿಲ್ಲ. ಗಾಳಿಗೆ ಹುಲ್ಲು ಮಲಗಿ ಏಳುವ ಸದ್ದು ಬಿಟ್ಟರೆ ಏನೂ ಇಲ್ಲ. ನನಗೆ ಹೆದರಿಕೆ ಆಗಿತ್ತು ಪುಟ್ಟಿ. ಇದನ್ನು ನಿನಗೆ ಇವತ್ತೇ ಹೇಳುತ್ತಿರುವುದು.

ಅರ್ಧ ಗಂಟೆಯಾದ ಮೇಲೆ ಮೇಲಿನಿಂದ ಕಲ್ಲು ಉರುಳಿದ ಸದ್ದಾಯಿತು. ನೀನು ಇಳಿದು ಬರುತ್ತಿದ್ದೆ, ಕೈಯಲ್ಲಿ ಅರ್ಧ ಬಾಟಲಿ ನೀರು. "ಯಾಕೆ ಬಂದೆ, ತುದಿ ಹತ್ತಿರ ಇತ್ತಲ್ಲ" ಅಂತ ಬೈದೆ. ನೀನು ಮಾತಾಡದೆ ನನ್ನ ಶೂ ಬಿಚ್ಚಿ, ಸಾಕ್ಸ್ ತಿರುಗಿಸಿ, ಅದರೊಳಗೆ ಇನ್ನೂ ಅಂಟಿಕೊಂಡಿದ್ದ ಒಂದು ಉಂಬಳ ತೆಗೆದೆ. ಆ ಸಲ ನೀನು 1,712 ಮೀಟರಿನ ಆ ತುದಿ ನೋಡಲಿಲ್ಲ. ಫೋಟೋದಲ್ಲೂ ನೀನಿಲ್ಲ. ನಿನಗೆ ಆ ಕೆಲಸ ಬರುತ್ತದೆ ಅಂತ ಈಗ ನಂಬುತ್ತೇನಲ್ಲ, ಅದಕ್ಕೆ ಆ ದಿನವೇ ಕಾರಣ. ನಿನ್ನ ಸರ್ಟಿಫಿಕೇಟುಗಳಲ್ಲ.

ದಕ್ಷಿಣ ಧ್ರುವದ ಕಡೆ ಹೋದವರ ಕಥೆಯನ್ನೂ ಓದಿದೆ. ಅರ್ನೆಸ್ಟ್ ಶ್ಯಾಕಲ್ಟನ್ ಬಗ್ಗೆ ಈಗ ಮ್ಯಾನೇಜ್‌ಮೆಂಟ್ ಕ್ಲಾಸುಗಳಲ್ಲೂ ಪಾಠ ಮಾಡುತ್ತಾರಂತೆ. ಅವನು ದಕ್ಷಿಣ ಧ್ರುವ ಮುಟ್ಟಿದವನಲ್ಲ. 1909ರ ಜನವರಿಯಲ್ಲಿ ಇನ್ನು ಸುಮಾರು 180 ಕಿಲೋಮೀಟರ್ ಇದೆ ಅನ್ನುವಾಗ ವಾಪಸ್ ತಿರುಗಿದ. ಮುಂದೆ ಹೋದರೆ ಮುಟ್ಟಬಹುದು, ಬದುಕಿ ಬರುವುದಿಲ್ಲ ಅಂತ ಲೆಕ್ಕ ಹಾಕಿದ್ದ. ಆ ವಾಪಸ್ ದಾರಿಯಲ್ಲಿ ಎಲ್ಲರಿಗೂ ಹೊಟ್ಟೆಗಿಲ್ಲದ ಹೊತ್ತಲ್ಲಿ, ತನ್ನ ಪಾಲಿನ ಒಂದೇ ಬಿಸ್ಕತ್ತನ್ನು ಕಾಯಿಲೆ ಬಿದ್ದ ಫ್ರ್ಯಾಂಕ್ ವೈಲ್ಡ್‌ಗೆ ಕೊಟ್ಟ. ನಾಲ್ಕು ಜನ ಹೋದವರು ನಾಲ್ವರೂ ಬಂದರು. ಐದು ವರ್ಷದ ಮೇಲೆ ಶ್ಯಾಕಲ್ಟನ್ ಮತ್ತೆ ದಕ್ಷಿಣಕ್ಕೆ ಹೊರಟಾಗ ಅದೇ ವೈಲ್ಡ್ ಅವನ ಬಲಗೈ.

ಆ ಸಲ ಹಡಗು ಮಂಜುಗಡ್ಡೆಗೆ ಸಿಕ್ಕಿ ಪುಡಿಯಾಗಿ, 1915ರ ನವೆಂಬರಿನಲ್ಲಿ ಮುಳುಗಿತು. 28 ಜನ ಮಂಜಿನ ಮೇಲೆ. ಮರುವರ್ಷ ಒಂದು ಚಿಕ್ಕ ದೋಣಿಯಲ್ಲಿ ಆರು ಜನ ಸಹಾಯ ತರಲು ಹೊರಟರು. ಆ ದೋಣಿಯಲ್ಲಿ ಯಾರಾದರೂ ಚಳಿಗೆ ಸೋಲುತ್ತಿದ್ದಾರೆ ಅನ್ನಿಸಿದ ಕೂಡಲೇ ಶ್ಯಾಕಲ್ಟನ್ ಬಿಸಿ ಹಾಲು ಮಾಡಿಸುತ್ತಿದ್ದನಂತೆ. ಒಬ್ಬನಿಗೆ ಅಲ್ಲ, ಎಲ್ಲರಿಗೂ. ಯಾರಿಗೋಸ್ಕರ ಅಂತ ಬಾಯಿ ಬಿಡುತ್ತಿರಲಿಲ್ಲ. ಸೋತವನಿಗೆ ತಾನು ಸೋತೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಈ ಸಾಲನ್ನು ನಾನು ಅಡುಗೆಮನೆಯಲ್ಲಿ ನಿಂತು ಓದಿದೆ. ನಿನ್ನ ಅಜ್ಜಿಯೂ ಹೀಗೇ ಮಾಡುತ್ತಿದ್ದರು. ಮನೆಯಲ್ಲಿ ಒಬ್ಬರ ಮುಖ ಬಾಡಿದರೆ ಇಡೀ ಮನೆಗೆ ಕಷಾಯ.

ಆ 28 ಜನರೂ ಬದುಕಿ ಬಂದರು. ಇಷ್ಟು ಹೇಳಿ ಕಥೆ ಮುಗಿಸುವವರೇ ಜಾಸ್ತಿ. ಆದರೆ ಅಂಟಾರ್ಕ್ಟಿಕಾದ ಇನ್ನೊಂದು ಬದಿಯಲ್ಲಿ, ಖಂಡ ದಾಟಿ ಅವನು ಬರಬೇಕಿದ್ದ ದಾರಿಗೆ ಆಹಾರ ಇಡಲು ಹೋದ ತಂಡದಲ್ಲಿ ಮೂವರು ಸತ್ತರು. ಅವನು ಬರಲೇ ಇಲ್ಲ, ಅವರು ಆಹಾರ ಇಟ್ಟೇ ಇಟ್ಟರು. ನೀನು ಮುಂದೆ ಯಾರಿಗಾದರೂ ಈ ಕಥೆ ಹೇಳಿದರೆ ಆ ಮೂವರನ್ನು ಬಿಡಬೇಡ.

ಕಲಿಸುವವರ ಬಗ್ಗೆ ಓದುವಾಗ ನನಗೆ ಧೈರ್ಯ ಬಂತು. ಬಚೇಂದ್ರಿ ಎವರೆಸ್ಟ್ ಇಳಿದ ಮೇಲೆ ಸುಮ್ಮನೆ ಸನ್ಮಾನ ಮಾಡಿಸಿಕೊಂಡು ಕೂರಲಿಲ್ಲ. ಜಮ್‌ಶೆಡ್‌ಪುರದ ಟಾಟಾ ಸ್ಟೀಲ್ ಅಡ್ವೆಂಚರ್ ಫೌಂಡೇಷನ್ ಕಟ್ಟಿ ದಶಕಗಳ ಕಾಲ ನಡೆಸಿದರು. 1997ರಲ್ಲಿ ಎಂಟು ಹೆಂಗಸರ ತಂಡ ಮಾಡಿಕೊಂಡು ಅರುಣಾಚಲದಿಂದ ಸಿಯಾಚಿನ್‌ವರೆಗೆ 4,500 ಕಿಲೋಮೀಟರ್ ನಡೆದರು. ಪ್ರೇಮಲತಾ ಅಗರ್ವಾಲ್ ಅನ್ನುವ ಗೃಹಿಣಿ, ಇಬ್ಬರು ಹೆಣ್ಣುಮಕ್ಕಳ ತಾಯಿ. ದಾಲ್ಮಾ ಬೆಟ್ಟದ ನಡಿಗೆ ಸ್ಪರ್ಧೆಗೆ ಬಂದವರನ್ನು ಬಚೇಂದ್ರಿ ಗುರುತಿಸಿ ತಯಾರು ಮಾಡಿದರು. 2011ರಲ್ಲಿ ಅವರು ಎವರೆಸ್ಟ್ ಹತ್ತಿದಾಗ ವಯಸ್ಸು 48. ಒಂದು ಕಾಲು ಕಳೆದುಕೊಂಡ ಅರುಣಿಮಾ ಸಿನ್ಹಾ ಹೋಗಿ ನಿಂತಿದ್ದೂ ಬಚೇಂದ್ರಿಯವರ ಬಾಗಿಲಲ್ಲೇ. 2013ರಲ್ಲಿ ಆಕೆಯೂ ಹತ್ತಿದರು.

ರೀನಾ ಕೌಶಲ್ ಧರ್ಮಶಕ್ತು ಅಂತ ಇನ್ನೊಬ್ಬರು. ಬೆಟ್ಟಗಳಲ್ಲಿ ನಾಯಕತ್ವದ ತರಬೇತಿ ಕೊಡುತ್ತಿದ್ದವರು, ನೀನು ಮಾಡುತ್ತೇನೆ ಅನ್ನುವ ಕೆಲಸವನ್ನೇ. 2009ರ ಡಿಸೆಂಬರಿನಲ್ಲಿ ಬೇರೆ ಬೇರೆ ದೇಶದ ಹೆಂಗಸರ ತಂಡದೊಂದಿಗೆ ಸುಮಾರು 900 ಕಿಲೋಮೀಟರ್ ಸ್ಕೀ ಮಾಡಿ ದಕ್ಷಿಣ ಧ್ರುವ ಮುಟ್ಟಿದರು. ಹಾಗೆ ಮುಟ್ಟಿದ ಮೊದಲ ಭಾರತೀಯ ಮಹಿಳೆ ಅವರು. ಆ ತಂಡ ಕಟ್ಟಿ ನಡೆಸಿದ್ದು ಬ್ರಿಟನ್ನಿನ ಫೆಲಿಸಿಟಿ ಆಸ್ಟನ್. ಕೆಲವರು ಅದಕ್ಕೆ ಮುಂಚೆ ಹಿಮವನ್ನೇ ಕಂಡಿರಲಿಲ್ಲ. ಅಲ್ಲಿ ಒಬ್ಬರು ನಿಂತರೆ ಎಲ್ಲರೂ ನಿಲ್ಲಬೇಕು, ನಿಂತ ಕೂಡಲೇ ಬೆವರು ತಣ್ಣಗಾಗಿ ಎಲ್ಲರಿಗೂ ನಡುಕ. ಹಿಂದೆ ಬಿದ್ದವರಿಗಾಗಿ ಕಾಯುವುದು ಪುಕ್ಕಟೆ ಅಲ್ಲ ಅಂತ ನನಗೆ ಆಗ ತಿಳಿಯಿತು. ಮುಂದಿರುವವರು ಅದರ ಬೆಲೆ ಕೊಡುತ್ತಾರೆ. ನೀನೂ ಅವತ್ತು ಕೊಟ್ಟೆ.

ಈಗ ನನ್ನ ಹೆದರಿಕೆ. ಬರೆಯದಿದ್ದರೆ ಸುಳ್ಳಾಗುತ್ತದೆ. 2022ರ ಅಕ್ಟೋಬರ್ 4ರಂದು ನೀನು ಹೋಗುವ ಸಂಸ್ಥೆಯ ತಂಡವೇ ದ್ರೌಪದಿ ಕಾ ದಾಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿತು. 25ಕ್ಕೂ ಹೆಚ್ಚು ಜನ ತೀರಿಹೋದರು. ಕಲಿಸುತ್ತಿದ್ದ ಸವಿತಾ ಕನ್ಸ್ವಾಲ್ ಕೂಡ. ಆ ಹುಡುಗಿ ಅದೇ ವರ್ಷದ ಮೇ ತಿಂಗಳಲ್ಲಿ 16 ದಿನದೊಳಗೆ ಎವರೆಸ್ಟ್, ಮಕಾಲು ಎರಡನ್ನೂ ಹತ್ತಿ ಬಂದಿದ್ದಳು. ಅದು ಅಡ್ವಾನ್ಸ್ ಕೋರ್ಸ್, ನಿನ್ನದು ಬೇಸಿಕ್, ಅಷ್ಟು ಮೇಲೆ ಹೋಗುವುದಿಲ್ಲ ಅಂತ ನೀನು ಹೇಳಿದ್ದೀಯ. ಗೊತ್ತು. ಆದರೂ ಅವಳ ಫೋಟೋ ನೋಡಿದಾಗಲೆಲ್ಲ ಅವಳ ಅಮ್ಮ ನೆನಪಾಗುತ್ತಾರೆ. ಹೋಗಬೇಡ ಅನ್ನುವುದಿಲ್ಲ. ವಾಪಸ್ ತಿರುಗಿ ಅಂತ ಇನ್‌ಸ್ಟ್ರಕ್ಟರ್ ಹೇಳಿದಾಗ ಎರಡನೇ ಮಾತಾಡಬೇಡ. ಅದೊಂದು ನಡೆಸಿಕೊಡು.

ಪ್ರತಿ ಸಂಜೆ ಶೂ ಬಿಚ್ಚಿ ಬೆರಳು ನೋಡಿಕೋ. ಪಕ್ಕದವರದ್ದೂ ನೋಡು. ಒಂದು ಜೊತೆ ಉಣ್ಣೆ ಸಾಕ್ಸ್ ಮಲಗುವಾಗಷ್ಟೇ ಹಾಕಿಕೋ, ಒದ್ದೆಯಾಗಲು ಬಿಡಬೇಡ. ಫೋನ್ ಸಿಕ್ಕಿದ ದಿನ ಎಷ್ಟು ಎತ್ತರ ಹತ್ತಿದೆ ಅಂತ ಆಮೇಲೆ ಹೇಳುವೆಯಂತೆ. ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆಯುವ ನಿಮ್ಮ ಸಾಲಿನಲ್ಲಿ ಕೊನೆಯವರು ಯಾರು, ಯಾವ ಊರಿನವರು, ಅದನ್ನು ಮೊದಲು ಹೇಳು.

ಅಪ್ಪ ನಾಳೆ ರಾತ್ರಿ ಸಾಗರದಿಂದ ಬಸ್ ಹತ್ತುತ್ತಾರೆ. ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸ ಇದೆ ಅಂದರು. ಅಲ್ಲಿ ಅವರಿಗೆ ಯಾವ ಬ್ಯಾಂಕೂ ಇಲ್ಲ. ಉತ್ತರಕಾಶಿಯಲ್ಲಿ ರಾತ್ರಿ ಎಷ್ಟು ಚಳಿ ಅಂತ ಇವತ್ತು ಮೂರು ಸಲ ಕೇಳಿದರು. ಸ್ಟೇಷನ್ನಿನಲ್ಲಿ ಅವರು ಮಾತಾಡದಿದ್ದರೆ ನೀನೇ ಮಾತಾಡಿಸು.

ನಿನ್ನ
ಅಮ್ಮ