ನಿನ್ನ ಪಡಸಾಲೆಯ ಪ್ರದರ್ಶನಕ್ಕೆ

ಪ್ರೀತಿಯ ದೋಸ್ತ,

ಕಲಬುರಗಿಯ ನಿಮ್ಮ ಹಳೇ ಮನೆಯ ಪಡಸಾಲೆಯಲ್ಲಿ ಗೆಳೆಯರೆಲ್ಲ ಸೇರಿ ನಿಮ್ಮ ಕಲಾಕೃತಿಗಳ ಗುಂಪು ಪ್ರದರ್ಶನ ಮಾಡುತ್ತೀರಿ ಅಂತ ಓದಿ ಬಹಳ ಸಂತೋಷವಾಯಿತು. ಕೃತಿ ಇಡಲು ಇಪ್ಪತ್ತು ಜನ ಕಲಾವಿದರನ್ನು ಕರೆಯಲೇ ಎಂದು ಕೇಳಿದ್ದೀ. ಬೇಡ. ಐದಾರು ಜನ ಸಾಕು. ಯಾಕೆ ಅಂತ ವಿವರವಾಗಿ ಬರೆಯುತ್ತೇನೆ. ನಿನ್ನಂತೆ ಪ್ರದರ್ಶನ ಮಾಡಲು ಹೊರಟವರು ಬೇರೆ ಊರುಗಳಲ್ಲೂ ಇದ್ದಾರೆ, ಅವರೂ ಓದಲಿ ಎಂದು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಬೆಂಗಳೂರಿನ ಶಾಂತಿನಗರದಲ್ಲಿರುವ ‘1 ಶಾಂತಿರೋಡ್’ ಹೆಸರು ನಿನಗೆ ಗೊತ್ತೇ ಇದೆ. ಕಲಾ ಇತಿಹಾಸಕಾರ ಸುರೇಶ್ ಜಯರಾಮ್ 2003ರಲ್ಲಿ ತಮ್ಮ ಮನೆಯನ್ನೇ ಕಲಾವಿದರಿಗೆ ತೆರೆದಿಟ್ಟ ಜಾಗ ಅದು. ವಾಸ್ತುಶಿಲ್ಪಿ ಮೀತಾ ಜೈನ್ ಅಲ್ಲಿದ್ದ ಬಾದಾಮಿ ಮರವನ್ನು ಉಳಿಸಿಕೊಂಡೇ ಅದರ ವಿನ್ಯಾಸ ಮಾಡಿದರು. ಗ್ಯಾಲರಿ ಇದೆ, ಹೊರಗಿನಿಂದ ಬಂದ ಕಲಾವಿದರು ಉಳಿದು ಕೆಲಸ ಮಾಡಲು ಕೋಣೆಗಳಿವೆ, ಅಡುಗೆಮನೆ ಇದೆ. ನನ್ನ ಪಾಲಿಗೆ ಆ ಅಡುಗೆಮನೆ ಗ್ಯಾಲರಿಯಷ್ಟೇ ಮುಖ್ಯ. ಗುಂಪು ಪ್ರದರ್ಶನದ ಸಂಜೆ ಹೆಸರು ಮಾಡಿದ ಕಲಾವಿದರೂ ಆಗಷ್ಟೇ ಕಾಲೇಜು ಮುಗಿಸಿದ ಹುಡುಗಿಯೂ ಚಹಾ ಹಿಡಿದು ನಿಂತು ಒಂದೇ ಕೃತಿಯ ಬಗ್ಗೆ ವಾದ ಮಾಡುತ್ತಾರೆ. ಮಾರಾಟವೇ ಮುಖ್ಯವಾದ ಕಡೆ ಈ ಮಾತು ಹುಟ್ಟುವುದು ಕಷ್ಟ. ಅಲ್ಲಿ ಎಲ್ಲರ ಕಣ್ಣೂ ಕೊಳ್ಳುವವರ ಮೇಲೆ.

ಗುಂಪು ಪ್ರದರ್ಶನದ ಜೀವ ಇರುವುದು ಈ ಮಾತಿನಲ್ಲಿ ಎಂದು ನಾನು ನಂಬಿದ್ದೇನೆ. ನಮ್ಮ ಕಲೆಯ ಚರಿತ್ರೆಯೂ ಅದನ್ನೇ ಹೇಳುತ್ತದೆ. 1962ರಲ್ಲಿ ಗುಜರಾತಿನ ಭಾವನಗರದ ಒಂದು ಮನೆಯಲ್ಲಿ ಕೆಲವು ಕಲಾವಿದರು ಕೂತು ಮಾತಾಡಿದರು. ಆ ಮನೆಯ ನಂಬರ್ 1890, ಹಾಗಾಗಿ ಗುಂಪಿನ ಹೆಸರು ‘ಗ್ರೂಪ್ 1890’. ಜೆ. ಸ್ವಾಮಿನಾಥನ್, ಜೇರಾಮ್ ಪಟೇಲ್, ಗುಲಾಂ ಮೊಹಮ್ಮದ್ ಶೇಖ್, ಹಿಮ್ಮತ್ ಶಾ, ಜ್ಯೋತಿ ಭಟ್ ಸೇರಿ ಒಟ್ಟು 12 ಜನ. 1963ರಲ್ಲಿ ದೆಹಲಿಯಲ್ಲಿ ಅವರ ಪ್ರದರ್ಶನವನ್ನು ನೆಹರೂ ಉದ್ಘಾಟಿಸಿದರು, ಕ್ಯಾಟಲಾಗಿಗೆ ಮುನ್ನುಡಿ ಬರೆದವರು ಮೆಕ್ಸಿಕೋದ ಕವಿ ಆಕ್ಟೇವಿಯೋ ಪಾಜ್. ಆ ಗುಂಪು ಮಾಡಿದ್ದು ಅದೊಂದೇ ಪ್ರದರ್ಶನ. ಆದರೂ ಇವತ್ತಿಗೂ ಅದರ ಬಗ್ಗೆ ಬರೆಯುತ್ತಾರೆ, ಯಾಕೆಂದರೆ ಚಿತ್ರ ತೂಗುಹಾಕುವ ಮೊದಲೇ ಅವರ ನಡುವೆ ಮಾತು, ಚರ್ಚೆ, ಒಪ್ಪಂದ ಎಲ್ಲ ಆಗಿತ್ತು.

1981ರ ‘ಪ್ಲೇಸ್ ಫಾರ್ ಪೀಪಲ್’ ಎಂಬ ಗುಂಪು ಪ್ರದರ್ಶನ ಅಂತೂ ನನಗೆ ಇನ್ನೂ ಇಷ್ಟ. ಭೂಪೇನ್ ಖಖ್ಖರ್, ನಳಿನಿ ಮಲಾನಿ, ಸುಧೀರ್ ಪಟವರ್ಧನ್, ಜೋಗೇನ್ ಚೌಧರಿ, ವಿವಾನ್ ಸುಂದರಂ, ಗುಲಾಂ ಮೊಹಮ್ಮದ್ ಶೇಖ್, ಆರೇ ಜನ. ಒಬ್ಬರ ಗೆರೆ ಇನ್ನೊಬ್ಬರದನ್ನು ಹೋಲುವುದಿಲ್ಲ. ಆದರೆ ನಮ್ಮ ಸುತ್ತಲಿನ ಮನುಷ್ಯರನ್ನು, ಅವರು ಬದುಕುವ ಜಾಗವನ್ನು ಚಿತ್ರದೊಳಗೆ ಹೇಗೆ ತರುವುದು ಎಂಬ ಪ್ರಶ್ನೆ ಆರೂ ಜನರದ್ದು. ಕಲಾ ವಿಮರ್ಶಕಿ ಗೀತಾ ಕಪೂರ್ ಆ ಪ್ರದರ್ಶನಕ್ಕೆ ಪ್ರಬಂಧ ಬರೆದರು. ನಿನ್ನ ಗೆಳೆಯರ ನಡುವೆ ಅಂಥ ಒಂದು ಪ್ರಶ್ನೆ ಯಾವುದು? ಅದು ಸಿಗುವ ತನಕ ತಾರೀಖು ಗೊತ್ತುಮಾಡಬೇಡ.

ಅದಕ್ಕೇ ಐದಾರು ಜನ ಎಂದದ್ದು. ಅಷ್ಟು ಜನರಾದರೆ ಒಬ್ಬರ ಕೋಣೆಗೆ ಇನ್ನೊಬ್ಬರು ಹೋಗಿ ಅರ್ಧಕ್ಕೆ ನಿಂತ ಕೆಲಸವನ್ನೂ ನೋಡಬಹುದು. ಇಪ್ಪತ್ತು ಜನರಾದರೆ ತಲಾ ಎರಡು ಚಿತ್ರ ತಂದು ಗೋಡೆ ತುಂಬಿಸಿ ಹೋಗುತ್ತಾರೆ. ಸಂತೆಯಲ್ಲಿ ಅಂಗಡಿ ಹಾಕಿದ ಹಾಗೆ, ಪಕ್ಕದವನ ಸಾಮಾನು ಏನೆಂದು ಯಾರೂ ನೋಡುವುದಿಲ್ಲ.

ತೂಗುಹಾಕುವ ಕೆಲಸಕ್ಕೆ ಎರಡು ಪೂರ್ತಿ ದಿನ ಇಟ್ಟುಕೋ. ಮೊದಲು ಎಲ್ಲ ಕೃತಿಗಳನ್ನೂ ಗೋಡೆಗೆ ಆನಿಸಿ ನೆಲದ ಮೇಲೆ ಇಡು, ಜಾಗ ಬದಲಿಸುತ್ತ ನೋಡು. ಚಿತ್ರದ ನಡುಭಾಗ ನೆಲದಿಂದ ಸುಮಾರು 150 ಸೆಂ.ಮೀ. ಎತ್ತರಕ್ಕೆ ಬಂದರೆ ನಿಂತು ನೋಡುವವರ ಕಣ್ಣಿಗೆ ಸರಿಹೋಗುತ್ತದೆ. ವಿಡಿಯೋ ಕೃತಿ ಇದ್ದರೆ ಒಳಕೋಣೆಯಲ್ಲಿರಲಿ, ಇಲ್ಲದಿದ್ದರೆ ಅದರ ಸದ್ದು ಎಲ್ಲ ಚಿತ್ರಗಳ ಮೇಲೂ ಹರಡುತ್ತದೆ. ಶಹಾಬಾದಿ ಫರಸಿಯ ನೆಲ, ಗೋಡೆಯ ಗೂಡು, ಬಾಗಿಲ ಚೌಕಟ್ಟು ಯಾವುದನ್ನೂ ಮುಚ್ಚಬೇಡ. ಬಿಳಿ ಡಬ್ಬಿಯಂಥ ಹಾಲ್ ಎಲ್ಲ ಊರಲ್ಲೂ ಸಿಗುತ್ತದೆ. ಆ ಗೂಡಿಗೆಂದೇ ಏನಾದರೂ ಮಾಡು ಎಂದು ನಿಮ್ಮಲ್ಲಿನ ಶಿಲ್ಪಿಗೆ ಹೇಳು.

ದುಡ್ಡಿನ ಮಾತನ್ನು ಮೊದಲ ದಿನವೇ ಆಡಿ ಮುಗಿಸಿ. ಸಾಗಣೆ, ದೀಪ, ಆಮಂತ್ರಣ, ಚಹಾ, ಎಲ್ಲ ಒಂದು ವಹಿಯಲ್ಲಿ ಬರೆದು ಸಮನಾಗಿ ಹಂಚಿಕೊಳ್ಳಿ. ಮಾರಾಟವಾದರೆ ಜಾಗಕ್ಕೆಷ್ಟು ಅನ್ನುವುದನ್ನೂ ಬರೆದಿಡಿ. ದೊಡ್ಡ ಗ್ಯಾಲರಿಗಳು ಅರ್ಧದಷ್ಟು ಇಟ್ಟುಕೊಳ್ಳುವುದುಂಟು. ನೀನು ಅಷ್ಟು ಕೇಳುವವನಲ್ಲ, ಆದರೆ ಏನೂ ಬೇಡ ಎನ್ನಲೂಬೇಡ. ಮುಂದಿನ ಪ್ರದರ್ಶನದ ಕರೆಂಟ್ ಬಿಲ್ಲು ಕಟ್ಟುವವರು ಯಾರು?

ಇಂಥ ಮನೆಗಳಿವೆ ಎಂದು ಸರಕಾರಿ ಗ್ಯಾಲರಿಗಳ ಗೋಡೆಗಳನ್ನು ಬಿಟ್ಟುಕೊಡಲಾಗದು, ಅದನ್ನೂ ಹೇಳಬೇಕು. ಕಸ್ತೂರಬಾ ರಸ್ತೆಯಲ್ಲಿರುವ ಸರಕಾರದ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿಯವರಿಗೆ ಒಪ್ಪಿಸುವ ಮಾತು ಬಂದಾಗ 2016ರಲ್ಲಿ ಬೆಂಗಳೂರಿನ ಕಲಾವಿದರು ಒಟ್ಟಾಗಿ ವಿರೋಧಿಸಿದರು. ಕಡಿಮೆ ಬಾಡಿಗೆಗೆ ಸಿಗುವ ಗೋಡೆ ಹೊಸಬರಿಗೆ ಎಷ್ಟು ದೊಡ್ಡ ಆಸರೆ ಎಂದು ಅವರಿಗೆ ಗೊತ್ತಿತ್ತು.

ಚಿತ್ರಕಾರ ಎಸ್.ಎಂ. ಪಂಡಿತರು ಹುಟ್ಟಿದ ಊರು ನಿನ್ನದು. ಅವರ ಕ್ಯಾಲೆಂಡರ್ ಚಿತ್ರಗಳು ದೇಶದ ಎಷ್ಟೋ ಮನೆಗಳ ಗೋಡೆ ಏರಿದ್ದವು, ಹಾಗಾಗಿ ಚಿತ್ರ ನೋಡುವ ರೂಢಿ ನಮ್ಮ ಜನಕ್ಕೆ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಓಣಿಯ ಮಂದಿಯನ್ನು, ಶಾಲೆಯ ಮಕ್ಕಳನ್ನು ಮೊದಲು ಕರೆ. ಮುಖ್ಯ ಅತಿಥಿ, ಹಾರ, ಶಾಲು ಯಾವುದೂ ಬೇಡ. ಪ್ರತಿ ಸಂಜೆ ಒಬ್ಬ ಕಲಾವಿದ ತನ್ನ ಕೆಲಸದ ಮುಂದೆ ನಿಂತು ಬಂದವರ ಜೊತೆ ಮಾತಾಡಲಿ, ಕನ್ನಡದಲ್ಲಿ, ದಖನಿಯಲ್ಲಿ, ಬಂದ ಭಾಷೆಯಲ್ಲಿ.

ಶರಣಬಸವೇಶ್ವರ ಜಾತ್ರೆ ಮುಗಿದ ಮೇಲೆ ಬಿಸಿಲು ಏರುತ್ತದೆ, ಆದ್ದರಿಂದ ದೀಪಾವಳಿ ಕಳೆದು ಚಳಿ ಶುರುವಾಗುವಾಗ ಇಟ್ಟುಕೊಳ್ಳುವುದು ಒಳ್ಳೆಯದು. ಪಡಸಾಲೆಯ ನಾಲ್ಕೂ ಗೋಡೆಗಳ ಅಳತೆ, ಕಿಟಕಿ ಯಾವ ದಿಕ್ಕಿಗಿದೆ, ಪ್ಲಗ್ ಪಾಯಿಂಟ್ ಎಲ್ಲೆಲ್ಲಿವೆ ಎಂದು ಒಂದು ಹಾಳೆಯಲ್ಲಿ ಗೀಚಿ ಕಳಿಸು. ತೂಗುಹಾಕುವ ಎರಡು ದಿನವೂ ನಾನು ಅಲ್ಲಿರುತ್ತೇನೆ.

ನಿನ್ನ,
ಬೆಂಗಳೂರಿನ ಗೆಳೆಯ