ಭಾನುವಾರ ಸಂತೆ ಹೊಂಡದ ಹತ್ತಿರ ಬನ್ನಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 6.30ಕ್ಕೆ ಸೇರೋಣ. ಈ ಸಲ ಹೊಂಡಕ್ಕಿಂತ ಮೊದಲು ಅದಕ್ಕೆ ಮಳೆನೀರು ತರುವ ಕಾಲುವೆಯ ಕಸ ತೆಗೆದು ಸ್ವಚ್ಛ ಮಾಡೋಣ. ಚಿತ್ರದುರ್ಗದ ಹಿರಿಯರ ಜಾಣತನ ಇದ್ದದ್ದೇ ಅಲ್ಲಿ ಅಲ್ವಾ? ಕೋಟೆಯ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಗುಡ್ಡದ ಮಳೆ ಸುಮ್ನೆ ಹರಿದು ಹೋಗದ ಹಾಗೆ ಕಟ್ಟಿದ್ದರು. ನಡುವೆ ಪ್ಲಾಸ್ಟಿಕ್ ಕಟ್ಟಿಕೊಂಡರೆ ಎಷ್ಟು ಮಳೆ ಬಂದರೂ ಹೊಂಡ ತುಂಬುವುದಿಲ್ಲ.

ಬಚ್ಚಲ ನೀರು ಸೇರಿದರೆ ಇನ್ನೂ ಕಷ್ಟ. ಪಾಚಿ ಜಾಸ್ತಿಯಾಗುತ್ತದೆ, ಅದು ಕೊಳೆತಾಗ ನೀರಿನ ಆಮ್ಲಜನಕ ಇಳಿದು ಮೀನುಗಳು ಸಾಯುತ್ತವೆ. ಮನೆಯ ಪೈಪನ್ನು ಮಳೆನೀರಿನ ಕಾಲುವೆಗೆ ಬಿಟ್ಟಿದ್ದರೆ ದಯವಿಟ್ಟು ಒಳಚರಂಡಿಗೆ ಜೋಡಿಸಿ.

ಗುದ್ದಲಿ, ಬಾಣಲಿ, ಗ್ಲೌಸ್ ಇದ್ದವರು ತನ್ನಿ. ಮಕ್ಕಳು ಬರಲಿ, ಆದರೆ ನೀರಿಗೆ ಇಳಿಯುವುದು ಬೇಡ. ಬರುವವರು ಇಲ್ಲೇ ಹೆಸರು ಹಾಕಿ.